ಬೆಟ್ಟ ಹತ್ತಿಸಿದ ಗೇರು

ಬೆಟ್ಟದ ಮೇಲೊಂದು ಆಶ್ರಮ. ಅಲ್ಲಿನ ಗುರುಗಳು ಸನ್ಯಾಸಿಯಾಗುವ ಮೊದಲು ಲಾರಿ ಓಡಿಸುತ್ತಿದ್ದವರು. ಎಲ್ಲರೂ ಅವರನ್ನು ಬುದ್ದಿ ಎಂದೇ ಕರೆಯುತ್ತಿದ್ದರು. ಶಿಷ್ಯ ಗುರುಮಲ್ಲ ಸೋಮವಾರ ದೀಕ್ಷೆ ಪಡೆಯುವವನಿದ್ದ.

ಬೆಟ್ಟದ ಬುಡದ ಊರಲ್ಲೇ ಅವನ ತಾಯಿ. "ಒಂದು ಸಲ ಮುಖ ತೋರಿಸಿ ಹೋಗು" ಎಂದು ಹೇಳಿ ಕಳಿಸುತ್ತಲೇ ಇದ್ದಳು. ಅವನು ಹೋಗಿರಲಿಲ್ಲ. ಬಂಧನ ಕಳಚಿಕೊಂಡವನಿಗೆ ಎಲ್ಲಿಯ ತಾಯಿ ಎಂಬ ಹುಮ್ಮಸ್ಸು, ಪಾಪ.

ಅಂದು ಅಕ್ಕಿ ತರಲು ಇಬ್ಬರೂ ಆಶ್ರಮದ ಹಳೇ ಜೀಪಿನಲ್ಲಿ ಹೊರಟರು. ಇಳಿಜಾರು ಶುರುವಾಗುತ್ತಲೇ ಗುರುಮಲ್ಲ ಜೀಪನ್ನು ನ್ಯೂಟ್ರಲ್‌ಗೆ ಹಾಕಿದ.

"ಯಾಕಪ್ಪಾ?"

"ಡೀಸೆಲ್ ಉಳೀತದೆ ಬುದ್ದಿ. ಮನಸ್ಸೂ ಹಿಂಗೇ ಇರಬೇಕು. ಯಾವುದಕ್ಕೂ ಅಂಟಿಕೊಳ್ಳದೆ."

ಗುರುಗಳು ಮುಂದಿನ ಕಂಬಿ ಹಿಡಿದುಕೊಂಡರು.

ಕೆಲವು ತಿರುವು ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಒತ್ತಿ ಒತ್ತಿ ಬ್ರೇಕು ಕಾದುಹೋಗಿತ್ತು.

"ಬುದ್ದಿ, ಬ್ರೇಕ್ ಹಿಡೀತಿಲ್ಲ!"

"ಕ್ಲಚ್ ಒತ್ತು. ಒಸಿ ಆಕ್ಸಿಲರೇಟರ್ ಕೊಡು. ಈಗ ಮೂರಕ್ಕೆ ಹಾಕು. ಕ್ಲಚ್ ಮೆಲ್ಲಗೆ ಬಿಡು."

ಇಂಜಿನ್ ಗುರ್ರೆಂದಿತು. ವೇಗ ಕುಗ್ಗಿತು.

"ಹಂಗೇ ಇನ್ನೊಂದ್ಸಲ. ಎರಡಕ್ಕೆ."

ಜೀಪು ತೆವಳತೊಡಗಿತು. ರಸ್ತೆ ಸಮವಾದ ಕಡೆ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ ಗುರುಮಲ್ಲ, ಗುರುಗಳ ಕಾಲು ಹಿಡಿದು ಅತ್ತುಬಿಟ್ಟ.

"ನಿಮ್ಮನ್ನ ಕೊಂದೇಬಿಡ್ತಿದ್ದೆ."

"ನೀನೂ ಜೊತೇಲಿದ್ದೆಯಲ್ಲೋ ಮಗ, ದಾರೀಲಿ ಬೇಜಾರಾಗ್ತಿರಲಿಲ್ಲ" ಎಂದು ನಕ್ಕು, ಜೋಳಿಗೆಯ ಸೀಬೆಹಣ್ಣು ಮುರಿದು ಅರ್ಧ ಅವನ ಕೈಗಿಟ್ಟರು.

ಬ್ರೇಕು ತಣ್ಣಗಾಗುವವರೆಗೆ ಇಬ್ಬರೂ ಬಂಡೆಯ ಮೇಲೆ ಕೂತರು.

"ಬುದ್ದಿ, ನಿಧಾನ ಆಗಬೇಕಾದಾಗ ಆಕ್ಸಿಲರೇಟರ್ ಯಾಕೆ ಕೊಟ್ಟಿದ್ದು?"

"ಚಕ್ರ ಜೋರಾಗಿ ಓಡ್ತಿತ್ತು. ಇಂಜಿನ್ನೂ ಅದರ ಜೊತೆಗೆ ಒಂದು ಹೆಜ್ಜೆ ಓಡಬೇಕು. ಆಮೇಲೇ ತಡೆಯೋಕಾಗೋದು. ಇಲ್ಲದಿದ್ರೆ ಜಗ್ತದೆ."

"ಇಳಿಯೋಕೆ ಯಾವ ಗೇರು ಅಂತ ಗೊತ್ತಾಗೋದು ಹೆಂಗೆ?"

"ಯಾವುದು ನಿನ್ನನ್ನ ಬೆಟ್ಟ ಹತ್ತಿಸ್ತೋ, ಇಳಿಯುವಾಗ ಹಿಡಿದುಕೊಳ್ಳೋದೂ ಅದೇ."

ಗುರುಮಲ್ಲ ಕೆಳಗೆ ಕಾಣುವ ಊರಿನ ಕಡೆ ನೋಡಿದ.

"ನಂಗೆ ದೀಕ್ಷೆ ಕೊಡ್ತೀರಾ ಬುದ್ದಿ?"

ಗುರುಗಳು ಎದ್ದು ಜೀಪು ಹತ್ತಿ ಕೂತರು.

"ಎರಡನೇ ಗೇರಲ್ಲೇ ನಡಿ. ನಿಮ್ಮವ್ವ ಮುದ್ದೆ ಕಟ್ಟೋ ಹೊತ್ತಿಗೆ ಸರಿಯಾಗಿ ಹೋಗ್ತೀವಿ. ಇಬ್ಬರಿಗೂ ಮಾಡು ಅಂತ ನಿನ್ನೇನೇ ಹೇಳಿ ಕಳಿಸಿದ್ದೀನಿ."