ಟಾಕೊ ಮುಂದೆ ಅವಿತ ಬಲಗೈ

ದುಬಾರಿ ಮೆಕ್ಸಿಕನ್ ಹೋಟೆಲಿನಲ್ಲಿ ಇಂದುಮತಿಯ ಮುಂದೆ ಟಾಕೊ ಬಂತು: ಮಡಿಚಿದ ಗರಿಗರಿ ಜೋಳದ ರೊಟ್ಟಿ, ಅದರ ಹೊಟ್ಟೆ ತುಂಬ ಖಾರದ ಪಲ್ಯ. ಅವಳ ಬಲಗೈ ಅಭ್ಯಾಸಬಲದಿಂದ ಮುಂದೆ ಚಾಚಿತು.

“ಎಲ್ಲಿಗೆ ಹೊರಟಿರಿ?” ಎಂದಿತು ತಟ್ಟೆಯ ಪಕ್ಕದಲ್ಲಿದ್ದ ಫೋರ್ಕು. “ಇದು ನಿಮ್ಮ ಅಡುಗೆಮನೆಯಲ್ಲ. ನಾಲ್ಕು ಜನ ನೋಡಿದರೆ ನಗುತ್ತಾರೆ.”

ನಾಲ್ಕು ಜನ ಎಂದ ಕೂಡಲೇ ಬಲಗೈ ನಾಚಿ, ತೊಡೆಯ ಮೇಲಿನ ಕರವಸ್ತ್ರದೊಳಗೆ ಅವಿತುಕೊಂಡಿತು.

“ಅಕ್ಕಾ, ನನಗೆ ಈ ಕೆಲಸ ಬರೋದಿಲ್ಲ, ನೀನೇ ಬಾರೇ!” ಎಂದಿತು ಎಡಗೈ.

“ಸುಮ್ಮನೆ ಫೋರ್ಕು ಹಿಡಿಯೇ. ಮರ್ಯಾದೆ ಪ್ರಶ್ನೆ,” ಎಂದಿತು ಬಲಗೈ ಒಳಗಿನಿಂದಲೇ.

ಎಡಗೈ ಫೋರ್ಕು ಹಿಡಿದು ಚುಚ್ಚಿತು. ಟಾಕೊ ಫಟ್ಟೆಂದು ಒಡೆದು ಮೇಜಿನ ತುಂಬ ಚೂರಾಯಿತು. ಎಲ್ಲರೂ ತಿರುಗಿ ನೋಡಿದರು. ಅವರೆಲ್ಲರೂ ಟಾಕೊಗಳನ್ನು ಕೈಯಲ್ಲೇ ಹಿಡಿದಿದ್ದರು. ಕೆಲವರು ಬೆರಳು ನೆಕ್ಕುತ್ತಿದ್ದರು.

ಮೆಕ್ಸಿಕೋದ ಅಡುಗೆಯಾಕೆ ಒಳಗಿನಿಂದ ಓಡಿಬಂದು, ಕರವಸ್ತ್ರ ಸುತ್ತಿಕೊಂಡಿದ್ದ ಬಲಗೈಯನ್ನು ಕಂಡಳು. “ಅಯ್ಯೋ, ಪೆಟ್ಟಾಗಿದೆಯೇನಮ್ಮಾ?”

“ಹೌದು,” ಎಂದು ಬಲಗೈ ಕರವಸ್ತ್ರವನ್ನು ಇನ್ನಷ್ಟು ಬಿಗಿದುಕೊಂಡಿತು.

ಮರುಗಿದ ಆಕೆ ಹೊಸ ಟಾಕೊ ಮಾಡಿ ತಂದು ಎಡಗೈಗೆ ಕೊಟ್ಟಳು. ಹುಟ್ಟಿದಾಗಿನಿಂದ ಒಂದು ತುತ್ತನ್ನೂ ಎತ್ತಿರದ ಎಡಗೈ ಅದನ್ನು ಬಾಯಿಗೆ ಒಯ್ದಿತು.

“ನೋಡಿದಿರಾ, ನಿಮ್ಮ ಮಾನ ಉಳಿಸಿದೆ,” ಎಂದಿತು ಫೋರ್ಕು.

ಊಟ ಮುಗಿದ ಮೇಲೆ ಎರಡೂ ಕೈಗಳು ನಲ್ಲಿಯ ಬಳಿ ಹೋದವು. ಎಡಗೈ ಎಂದಿನಂತೆ ಅಕ್ಕನಿಗೆ ನೀರು ಬಿಡಲು ಮುಂದಾಗಿ, ತನ್ನ ಎಂಜಲು ಬೆರಳುಗಳನ್ನು ನೋಡಿ ನಿಂತಿತು. ಅಂದು ತೊಳೆಯಬೇಕಾಗಿದ್ದದ್ದು ಅದೊಂದೇ. ಬಲಗೈ ತಲೆ ತಗ್ಗಿಸಿ ತಂಗಿಗೆ ನಲ್ಲಿ ತಿರುಗಿಸಿತು.