ಹುಲ್ಲಿಲ್ಲದ ಬಯಲು

ಯುದ್ಧ ಮುಗಿದ ಒಂಬತ್ತನೆಯ ದಿನ ಏಚಣ್ಣ ಹೊಳೆ ದಾಟಿ ಗುರುಗಳ ಗರಡಿಗೆ ಬಂದ.

ಬಾಗಿಲಲ್ಲೇ ಜೊತೆಯವರು ಅಡ್ಡಗಟ್ಟಿದರು. "ಬಂದ್ರಪ್ಪ ವೀರರು! ಯಾಕೋ ಹೀಗಿದೆ ಮುಖ? ಗೆದ್ದಿದ್ದು ನಾವೋ ಅವರೋ?"

ಏಚಣ್ಣ ಅವರನ್ನು ಸರಿಸಿದ. ಒಳಗೆ ಹೋಗಿ ಸಾಂತಯ್ಯ ಗುರುಗಳ ಪಾದದ ಬಳಿ ಕತ್ತಿ ಇಟ್ಟ.

ನಿಯಮ ಮುರಿದವನು ಹಾಗೆ ಇಡಬೇಕು. ಇಟ್ಟವನು ಮತ್ತೆ ಆಯುಧ ಮುಟ್ಟುವಂತಿಲ್ಲ.

"ಯಾವ ನಿಯಮ ಮುರಿದೆ?"

"ಅದನ್ನ ನೀವೇ ಹೇಳಬೇಕು ಗುರುಗಳೇ."

"ಬೆನ್ನು ತಿರುಗಿಸಿದವನನ್ನು ಹೊಡೆದೆಯಾ?"

"ಇಲ್ಲ. ನನ್ನ ಎದುರಿಗೇ ಮಂಡಿಯೂರಿದ್ದ."

"ಕೈಯಲ್ಲಿ ಆಯುಧ ಇರಲಿಲ್ಲವಾ?"

"ಕತ್ತಿ ಸೊಂಟದಲ್ಲಿತ್ತು. ಅವನು ಮುಟ್ಟಲಿಲ್ಲ."

"ಹುಲ್ಲು ಕಚ್ಚಿ ಶರಣಾಗಿದ್ದನಾ?"

ಏಚಣ್ಣ ತಲೆ ತಗ್ಗಿಸಿದ.

"ಹುಲ್ಲು ಇರಲಿಲ್ಲ, ಗುರುಗಳೇ. ಎರಡೂ ಕಡೆಯ ಕುದುರೆಗಳು ಹದಿನೈದು ದಿನ ಅಲ್ಲೇ ಮೇಯ್ದಿದ್ದವು. ಬರೀ ಮಣ್ಣು."

ಹೇಳು ಎಂಬಂತೆ ಗುರುಗಳು ತಲೆಯಾಡಿಸಿದರು.

"ಅವನು ಎರಡೂ ಕೈಯಿಂದ ನೆಲ ಕೆರೀತಿದ್ದ. ಒಂದು ಹುಲ್ಲುಕಡ್ಡಿಗೆ. ನನ್ನ ಮುಖ ನೋಡೋದು, ಮತ್ತೆ ಕೆರೆಯೋದು."

"ಏನು ಹುಡುಕ್ತಿದ್ದಾನೆ ಅಂತ ನಿನಗೆ ಗೊತ್ತಾಯ್ತಾ?"

"ಗೊತ್ತಾಯ್ತು."

"ಆಮೇಲೆ?"

"ಸಿಗುತ್ತೇನೋ ಅಂತ ಸ್ವಲ್ಪ ಹೊತ್ತು ಕಾದೆ."

ಹೊರಗೆ ಯಾರೋ ಕುಸ್ತಿಯಲ್ಲಿ ಬಿದ್ದರು. ಎಲ್ಲರೂ ಹೋ ಎಂದು ನಕ್ಕರು.

"ಸಿಗಲಿಲ್ಲ," ಎಂದ ಏಚಣ್ಣ. "ಕೊನೆಗೆ ಒಂದು ಹಿಡಿ ಮಣ್ಣನ್ನೇ ಬಾಯಿಗೆ ಹಾಕಿಕೊಂಡ. ಮಣ್ಣಿನ ಮಾತು ನೀವು ಹೇಳಿರಲಿಲ್ಲ. ಕಡಿದುಬಿಟ್ಟೆ."

ಗುರುಗಳು ಬಗ್ಗಿ ಕತ್ತಿ ಎತ್ತಿ ಅವನ ಕೈಗೇ ಕೊಟ್ಟರು.

"ತಗೋ. ನೀನು ಮುರಿದಿಲ್ಲ."

"ಬೇಡ ಗುರುಗಳೇ! ತಪ್ಪು ಅನ್ನಿ. ಬೈಯಿರಿ. ಗರಡಿಯಿಂದ ಹೊರಗೆ ಹಾಕಿ. ಇದನ್ನ ಹಿಡ್ಕೊಂಡು ಹೇಗೆ ಬದುಕಲಿ? ಏನಾದರೊಂದು ಶಿಕ್ಷೆ ಕೊಡಿ."

ಸಾಂತಯ್ಯನವರು ಗೋಡೆ ಹಿಡಿದುಕೊಂಡು ಕೂತರು. ಒಮ್ಮೆಲೇ ಮುದುಕರಾದ ಹಾಗೆ ಕಂಡರು.

"ಯಾವುದಕ್ಕೆ ಕೊಡಲಪ್ಪಾ? ಇಷ್ಟು ವರ್ಷದಲ್ಲಿ ನಾನು ಹೇಳಿಕೊಟ್ಟಿದ್ದನ್ನು ಚಾಚೂ ತಪ್ಪದೆ ಪಾಲಿಸಿದವನು ನೀನೊಬ್ಬನೇ."