ಸರಪಳಿ ತಂದ ನಾಯಿ

ಹೂವಾಡಗಿತ್ತಿ ನೀಲಾಜಮ್ಮನ ಕಾಲನ್ನು ಕಚ್ಚಿದ ಮೇಲೆ ಡೂಮ ಎಂಬ ಮನೆನಾಯಿ ತುಳಸಿಕಟ್ಟೆಯ ಹಿಂದೆ ಮುದುರಿ ಕುಳಿತಿತ್ತು. ಡಾಕ್ಟರು ಆಕೆಗೆ ಚುಚ್ಚುಮದ್ದು ಕೊಟ್ಟು, ನಾಯಿಯನ್ನು ಕಟ್ಟಿಹಾಕಿ ಅದಕ್ಕೆ ಹುಚ್ಚು ಹಿಡಿದಿದೆಯೋ ಇಲ್ಲವೋ ನೋಡುತ್ತಿರಬೇಕೆಂದು ಹೇಳಿದ್ದರು. ಮನೆಯ ಯಜಮಾನರಿಗೋ ಮಾನದ ಚಿಂತೆ. "ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟುಬಂದರೆ ಮಾತೇ ಮುಗಿಯಿತು" ಎಂದು ಅವರು ಚೀಲ ಹುಡುಕಲು ಒಳಗೆ ಹೋದರು.

"ಅಯ್ಯಾ ಶೂರ, ನೀನೇ ಬೇಲಿ ಹಾರಿಬಿಡು. ಹೊಳೆಯಾಚೆ ನಿನ್ನನ್ನು ‘ಕಚ್ಚುವ ನಾಯಿ’ ಎನ್ನುವವರಿಲ್ಲ" ಎಂದಿತು ಮನೆಯ ಬೆಕ್ಕು.

ನಾಯಿಗೆ ಆ ಮಾತು ರುಚಿಸಿತು. ಆದರೂ ಕಂಬದ ಬುಡದಲ್ಲಿ ಬಿದ್ದಿದ್ದ ಸರಪಳಿಯನ್ನು ಕೇಳಿತು: "ನಾನು ಹೋದರೆ ಯಾರಿಗೇನು ನಷ್ಟ?"

"ಹುಚ್ಚಿಲ್ಲವೆಂದು ನಿನಗೆ ಗೊತ್ತು, ನೀಲಾಜಮ್ಮನಿಗೆ ಗೊತ್ತಿಲ್ಲ. ನೀನು ಕಾಣೆಯಾದರೆ, ನೀರು ಗಂಟಲಿಳಿಯದಿರುವುದೇ ಆ ಹುಚ್ಚಿನ ಗುರುತೆಂದು ಆಕೆ ಗುಟುಕು ನೀರನ್ನೂ ಹೆದರುತ್ತಲೇ ಕುಡಿಯಬೇಕು."

"ನೀನು ಕತ್ತು ಒತ್ತುತ್ತೀಯೆ."

"ಒತ್ತುತ್ತೇನೆ" ಎಂದಿತು ಸರಪಳಿ.

ಯಜಮಾನರು ಚೀಲದೊಂದಿಗೆ ಹೊರಬಂದಾಗ ನಾಯಿ ಸರಪಳಿಯನ್ನು ಬಾಯಲ್ಲಿ ಎಳೆದು ತಂದು ಅವರ ಪಾದದ ಬಳಿ ಇಟ್ಟು ಕತ್ತು ಬಾಗಿಸಿತು. ಅವರು ಚೀಲವನ್ನು ಬದಿಗೆಸೆದು, ಬೀದಿಗೆ ಕಾಣುವ ಕಂಬಕ್ಕೆ ನಾಯಿಯನ್ನು ಕಟ್ಟಿದರು.

ಅಂದಿನಿಂದ ಪ್ರತಿ ಬೆಳಿಗ್ಗೆ ನೀಲಾಜಮ್ಮ ಬುಟ್ಟಿ ಹೊತ್ತು ಬಂದು ಬೇಲಿಯಾಚೆಯೇ ನಿಲ್ಲುವಳು. "ಏನಪ್ಪಾ ಪುಣ್ಯಾತ್ಮ, ಇದ್ದೀಯಾ?" ಎಂದು ಕೇಳುವಳು. ನಾಯಿ ಬೊಗಳದೆ, ಆಕೆಗೆ ಕಾಣುವಂತೆ, ಬಟ್ಟಲಿನ ನೀರನ್ನು ಕೊನೆಯ ಹನಿಯವರೆಗೂ ಕುಡಿಯುತ್ತಿತ್ತು.